ತೆರಿಗೆ ಕಟ್ಟುತ್ತೇವಲ್ಲ, ಫೈರ್ ಸ್ಟೇಷನ್ನಿಗೆ ಮತ್ತೆ ಗ್ರಾಂಟ್ ಯಾಕೆ?

ಪ್ರಶ್ನೆ: ನಾವು ಅಮೆರಿಕದ ಒಂದು ಮಧ್ಯಮ ಊರಿನಲ್ಲಿದ್ದೇವೆ. ಆಸ್ತಿ ತೆರಿಗೆ ತಪ್ಪದೆ ಕಟ್ಟುತ್ತೇವೆ. ಆದರೂ ನಮ್ಮ ಫೈರ್ ಡಿಪಾರ್ಟ್‌ಮೆಂಟ್ ಉಸಿರಾಟದ ಸೆಟ್‌ಗಳಿಗೆ, ಜನರೇಟರಿಗೆ ಫೆಡರಲ್ ಗ್ರಾಂಟ್ ಕೇಳುತ್ತಿದೆ. ಊರಿನ ಬಜೆಟ್‌ನಲ್ಲೇ ಕೊಳ್ಳೋಕೆ ಆಗಲ್ವಾ?

ಉತ್ತರ: ಕರ್ನಾಟಕದಲ್ಲಿ ಬೆಳೆದ ನಮಗೆ ಈ ಪ್ರಶ್ನೆ ಬರುವುದು ಸಹಜ. ಅಲ್ಲಿ ಅಗ್ನಿಶಾಮಕ ದಳ ರಾಜ್ಯ ಸರ್ಕಾರದ್ದು. ಇಲ್ಲಿ ಅದು ಊರಿನದು. ಇಡೀ ದೇಶದಲ್ಲಿ ಸುಮಾರು 29 ಸಾವಿರ ಫೈರ್ ಡಿಪಾರ್ಟ್‌ಮೆಂಟ್‌ಗಳಿವೆ. ಬಹುಪಾಲು ಕಡೆ ಸಂಬಳವಿಲ್ಲದೆ ಸ್ವಯಂಸೇವಕರೇ ದುಡಿಯುತ್ತಾರೆ. ನಿಮ್ಮ ಊರಿನಂತೆ ಸಂಬಳ ಕೊಡುವ ಕಡೆ ಬಜೆಟ್‌ನ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಸಾಮಾನಿಗೆ ಉಳಿಯುವುದು ಕಡಿಮೆ.

ಹೋದ ಅಕ್ಟೋಬರಿನಲ್ಲಿ ನಮ್ಮೂರಿನ ಸ್ಟೇಷನ್ನಿನ ಓಪನ್ ಹೌಸ್‌ಗೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿನ ಒಬ್ಬರು, ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹಾಕುವ ಸೆಟ್ ಆನ್ ಮಾಡಿ ಮೇಜಿನ ಮೇಲಿಟ್ಟು ಮಾತಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಕೀ ಕೀ ಅಂತ ಶುರುಮಾಡಿ, ಆಮೇಲೆ ಕಿವಿ ಒಡೆಯುವ ಹಾಗೆ ಕೂಗಿತು. ಮಗ ಹೆದರಿ ನನ್ನ ಕಾಲು ಹಿಡಿದುಕೊಂಡ. ಹಾಕಿಕೊಂಡವರು ಸುಮಾರು 30 ಸೆಕೆಂಡ್ ಅಲ್ಲಾಡದೆ ಇದ್ದರೆ ಅದು ಹಾಗೆ ಕೂಗುತ್ತದೆ. ಹೊಗೆಯೊಳಗೆ ಬಿದ್ದವರನ್ನು ಜೊತೆಯವರು ಹುಡುಕುವುದು ಆ ಸದ್ದು ಹಿಡಿದೇ.

ಇಂಥ ಒಂದು ಸೆಟ್‌ಗೆ ಎಂಟು-ಹತ್ತು ಸಾವಿರ ಡಾಲರ್ ಆಗುತ್ತದೆ. ಅದರಲ್ಲಿ ಗಾಳಿ ತುಂಬಿಡುವ ಕಾರ್ಬನ್ ಫೈಬರ್ ಸಿಲಿಂಡರಿನ ಆಯಸ್ಸು ಸಾಮಾನ್ಯವಾಗಿ 15 ವರ್ಷ. ಆಮೇಲೆ ಎಷ್ಟೇ ಚೆನ್ನಾಗಿ ಕಂಡರೂ ತೆಗೆದುಹಾಕಬೇಕು. ನಿಯಮಗಳೂ ಬಿಗಿಯಾಗುತ್ತವೆ. ಮೊದಲು ಗಾಳಿ ಕಾಲು ಭಾಗ ಉಳಿದಾಗ ಸೆಟ್ ಎಚ್ಚರಿಕೆ ಕೊಟ್ಟರೆ ಸಾಕಿತ್ತು. 2013ರ ಮಾನದಂಡದಿಂದ ಈಚೆಗೆ ಮೂರನೇ ಒಂದು ಭಾಗ ಉಳಿದಾಗಲೇ ಕೊಡಬೇಕು. ಹೊರಗೆ ಬರಲು ಸಿಗುವ ಆ ಒಂದೆರಡು ನಿಮಿಷದಲ್ಲೇ ಜೀವ ಇರುತ್ತದೆ.

ತೊಂದರೆ ಏನೆಂದರೆ, ಎಲ್ಲ ಸೆಟ್‌ಗಳನ್ನೂ ಒಟ್ಟಿಗೆ ಕೊಂಡಿರುತ್ತಾರೆ. ಹಾಗಾಗಿ ಎಲ್ಲವೂ ಒಟ್ಟಿಗೇ ಹಳತಾಗುತ್ತವೆ. ಒಂದೇ ವರ್ಷ ನಾಲ್ಕು ಲಕ್ಷ ಡಾಲರ್ ಹೊಂದಿಸು ಅಂದರೆ ಯಾವ ಸಣ್ಣ ಊರಿಗೂ ಕಷ್ಟವೇ.

ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ನಡೆಸುವ ಅಸಿಸ್ಟೆನ್ಸ್ ಟು ಫೈರ್‌ಫೈಟರ್ಸ್ ಗ್ರಾಂಟ್ ಇರುವುದು ಇದಕ್ಕೇ. 2001ರಲ್ಲಿ 10 ಕೋಟಿ ಡಾಲರಿನಿಂದ ಶುರುವಾಯಿತು. 2024ರ ಹಣಕಾಸು ವರ್ಷಕ್ಕೆ 29 ಕೋಟಿ ಡಾಲರಿಗೂ ಜಾಸ್ತಿ ಇಟ್ಟಿದ್ದರು. ಅರ್ಜಿಗಳನ್ನು ಓದಿ ಅಂಕ ಕೊಡುವವರು ಬೇರೆ ಊರುಗಳ ಅಗ್ನಿಶಾಮಕದವರೇ. ಅವರಿಗೆ ಸುಮ್ನೆ "ಸಾಮಾನು ಹಳತಾಗಿದೆ" ಅಂದರೆ ಸಾಲದು. ಎಷ್ಟು ಸೆಟ್, ಯಾವ ವರ್ಷದ್ದು, ಎಷ್ಟು ಸಲ ಬಳಕೆಯಾಗುತ್ತದೆ, ಎಲ್ಲ ಬರೆಯಬೇಕು.

ದುಡ್ಡು ಪೂರ್ತಿ ಪುಕ್ಕಟೆ ಅಲ್ಲ. ಜನಸಂಖ್ಯೆ 20 ಸಾವಿರದವರೆಗೆ ಇದ್ದರೆ ಊರಿನ ಪಾಲು ಗ್ರಾಂಟಿನ ಶೇ 5, ಹತ್ತು ಲಕ್ಷದವರೆಗೆ ಶೇ 10, ಅದಕ್ಕೂ ದೊಡ್ಡ ಊರಿಗೆ ಶೇ 15. ಈ ಲೆಕ್ಕ ಒಟ್ಟು ಖರ್ಚಿನ ಮೇಲಲ್ಲ, ಗ್ರಾಂಟಿನ ಮೇಲೆ. ಅರವತ್ತು ಸಾವಿರ ಜನರ ಊರಿನಲ್ಲಿ 44 ಸೆಟ್‌ಗೆ 4 ಲಕ್ಷ 40 ಸಾವಿರ ಡಾಲರ್ ಬೇಕು ಅಂದುಕೊಳ್ಳಿ. ಫೆಡರಲ್ ಸರ್ಕಾರ 4 ಲಕ್ಷ ಕೊಡುತ್ತದೆ, ಊರು 40 ಸಾವಿರ ಹಾಕುತ್ತದೆ. ಗ್ರಾಂಟ್ ಸಿಕ್ಕಿತು ಅಂತ ಊರು ತನ್ನ ಕೈಯಿಂದ ಕೊಡುತ್ತಿದ್ದ ದುಡ್ಡನ್ನು ಹಿಂದಿನ ಎರಡು ವರ್ಷದ ಸರಾಸರಿಯ ಶೇ 80ಕ್ಕಿಂತ ಕಡಿಮೆ ಮಾಡುವ ಹಾಗೂ ಇಲ್ಲ. ಅಂದರೆ ನಿಮ್ಮ ತೆರಿಗೆ ಇಲ್ಲೂ ಕೆಲಸ ಮಾಡುತ್ತದೆ. (ಭಾರತದಲ್ಲೂ ಹೀಗೊಂದು ಯೋಜನೆ ಬಂತು. ರಾಜ್ಯಗಳ ಅಗ್ನಿಶಾಮಕ ಸೇವೆಗಾಗಿ ಕೇಂದ್ರ 2023ರಲ್ಲಿ ಶುರುಮಾಡಿದ 5,000 ಕೋಟಿ ರೂಪಾಯಿ ಯೋಜನೆಯಲ್ಲಿ ಕರ್ನಾಟಕದಂಥ ರಾಜ್ಯ ಖರ್ಚಿನ ಶೇ 25 ಹಾಕಬೇಕಿತ್ತು.)

ಇನ್ನು ಜನರೇಟರ್. ಇದನ್ನೇ ಜನ ದುಂದು ಅನ್ನುವುದು. ಓಪನ್ ಹೌಸ್ ದಿನ ನಾನೂ ಕೇಳಿದೆ. ಸ್ಟೇಷನ್ನಿನವರು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಕಂಪ್ರೆಸರ್ ತೋರಿಸಿದರು. ಖಾಲಿಯಾದ ಸಿಲಿಂಡರಿಗೆ 4,500 ಪಿಎಸ್‌ಐ ಒತ್ತಡದಲ್ಲಿ ಶುದ್ಧ ಗಾಳಿ ತುಂಬುವುದು ಅದೇ. ಅದು ಓಡುವುದು ಕರೆಂಟಿನಲ್ಲಿ. ಕರೆಂಟ್ ಹೋದರೆ ತುಂಬಿಟ್ಟಷ್ಟೇ ಗಾಳಿ. ಮೂವತ್ತು ನಿಮಿಷದ್ದು ಅನ್ನುವ ಸಿಲಿಂಡರ್ ಮೈಮುರಿದು ಕೆಲಸ ಮಾಡುವಾಗ ಅಷ್ಟು ಹೊತ್ತು ಬರುವುದೇ ಇಲ್ಲ. ಮತ್ತೆ ಕರೆಂಟ್ ಹೋದ ರಾತ್ರಿಯೇ ಕರೆ ಜಾಸ್ತಿ: ಮೇಣದಬತ್ತಿಯ ಬೆಂಕಿ, ಗ್ಯಾರೇಜಿನಲ್ಲಿ ಜನರೇಟರ್ ಹಚ್ಚಿ ತುಂಬಿದ ಕಾರ್ಬನ್ ಮೊನಾಕ್ಸೈಡ್. 2003ರ ಆಗಸ್ಟ್ 14ರಂದು ಅಮೆರಿಕ, ಕೆನಡಾದ ಸುಮಾರು 5 ಕೋಟಿ ಜನರಿಗೆ ಒಮ್ಮೆಲೇ ಕರೆಂಟ್ ಹೋಗಿತ್ತು. ಸ್ಟೇಷನ್ನಿನಲ್ಲಿ ವೈರ್‌ಲೆಸ್ ರೇಡಿಯೋಗಳ ಚಾರ್ಜರ್, ಕರೆ ಬಂದಾಗ ಹೊಡೆಯುವ ಅಲಾರಂ, ಗಾಡಿ ಹೊರಡುವ ಬಾಗಿಲು, ಎಲ್ಲಕ್ಕೂ ಕರೆಂಟ್ ಬೇಕು. ಬಾಗಿಲನ್ನು ಕೈಯಿಂದ ಎತ್ತಬಹುದು. ಗಾಳಿಯನ್ನು ಕೈಯಿಂದ ತುಂಬಲಾಗದು.

ಸ್ಟೇಷನ್ನಿನ ಜನರೇಟರನ್ನು ಇದೇ ಗ್ರಾಂಟಿನಲ್ಲೂ ಕೇಳಬಹುದು. ದೊಡ್ಡ ವಿಪತ್ತು ಘೋಷಣೆಯಾದ ಮೇಲೆ ತೆರೆಯುವ ಫೀಮಾದ ಹಜಾರ್ಡ್ ಮಿಟಿಗೇಷನ್ ಗ್ರಾಂಟ್ ಇನ್ನೊಂದು ದಾರಿ. ಅದರಲ್ಲಿ ಫೆಡರಲ್ ಪಾಲು ಶೇ 75ರವರೆಗೆ.

ನನ್ನ ತಕರಾರು ಗ್ರಾಂಟ್ ಕೇಳುವುದರ ಬಗ್ಗೆ ಅಲ್ಲ, ಸಿಕ್ಕಿದ ಮೇಲೆ ಮರೆಯುವುದರ ಬಗ್ಗೆ. ಮುಂದಿನ ಕೌನ್ಸಿಲ್ ಸಭೆಗೆ ಹೋದರೆ ಎರಡು ಮಾತು ಕೇಳಿ. ಕಂಪ್ರೆಸರಿನ ಲೈನ್ ಜನರೇಟರಿಗೆ ಸೇರುತ್ತದಾ? ಈ ಸೆಟ್‌ಗಳ 15 ವರ್ಷ ಮುಗಿಯುವ ಹೊತ್ತಿಗೆ ಅಂತ ಈ ವರ್ಷದಿಂದಲೇ ಎಷ್ಟು ದುಡ್ಡು ತೆಗೆದಿಡುತ್ತೀರಿ?