ಡ್ರೈವರ್ ಇಲ್ಲದ ಲಾರಿಗೆ ಮೊದಲು ಬೇಕಾದದ್ದು ಸರಿಯಾದ ದಾರಿ

2019ರಲ್ಲಿ ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನಲ್ಲಿ ಕ್ಯಾಬಿನ್ನೇ ಇಲ್ಲದ ಎಲೆಕ್ಟ್ರಿಕ್ ಲಾರಿಯೊಂದು ಸಾರ್ವಜನಿಕ ರಸ್ತೆಗೆ ಇಳಿಯಿತು. ಲೋಡು ಸೇರಿ ತೂಕ 26 ಟನ್. ಕೈಗಾರಿಕಾ ಪ್ರದೇಶದೊಳಗೆ ಗೋದಾಮಿನಿಂದ ಟರ್ಮಿನಲ್‌ಗೆ ಹೋಗಿಬರುವುದಷ್ಟೇ ಕೆಲಸ. ಅನುಮತಿ ಸಿಕ್ಕಿದ್ದು ಗಂಟೆಗೆ 5 ಕಿ.ಮೀ. ವೇಗಕ್ಕೆ, ಅಂದರೆ ಮನುಷ್ಯ ನಡೆಯುವ ವೇಗಕ್ಕೆ. ಇದನ್ನು ರೂಪಿಸಿದ ಐನ್‌ರೈಡ್ ಕಂಪನಿಯನ್ನು 2016ರಲ್ಲಿ ಕಟ್ಟಿದವರಲ್ಲಿ ಮುಖ್ಯರಾದ ರಾಬರ್ಟ್ ಫಾಲ್ಕ್ ಅದಕ್ಕೂ ಮೊದಲು ವೋಲ್ವೋದಲ್ಲಿದ್ದವರು. ಅವರ ಜಾಣತನ ಕ್ಯಾಬಿನ್ ತೆಗೆದದ್ದಕ್ಕಿಂತ ಹೆಚ್ಚಾಗಿ ಇಷ್ಟು ಚಿಕ್ಕ ದಾರಿಯಿಂದ ಶುರುಮಾಡಿದ್ದರಲ್ಲಿದೆ.

ಮೈಸೂರಿನಲ್ಲಿ ಇಂಥ ಲಾರಿ ಓಡಿಸುವುದಾದರೆ ಎಲ್ಲರ ಕಣ್ಣು ಮೊದಲು ಬೀಳುವುದು ಬೆಂಗಳೂರು ಹೆದ್ದಾರಿಯ ಮೇಲೆ. ಲೆಕ್ಕ ಹಾಕಿ ನೋಡೋಣ. 26 ಟನ್ ಲಾರಿ 80 ಕಿ.ಮೀ. ವೇಗದಲ್ಲಿ ಪ್ರತಿ ಕಿಲೋಮೀಟರಿಗೆ ಸುಮಾರು 1.2 ಯೂನಿಟ್ ಕರೆಂಟು ತಿನ್ನುತ್ತದೆ. 140 ಕಿ.ಮೀ.ಗೆ 168 ಯೂನಿಟ್. ಮೈಸೂರಿಗಿಂತ ಬೆಂಗಳೂರು ಸುಮಾರು 150 ಮೀಟರ್ ಎತ್ತರದಲ್ಲಿದೆ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಇನ್ನೂ 11 ಯೂನಿಟ್. ಬ್ಯಾಟರಿ 200 ಯೂನಿಟ್‌ನದಾದರೂ ಅದನ್ನು ಪೂರ್ತಿ ಬರಿದು ಮಾಡುವಂತಿಲ್ಲ, 160–170 ಬಳಸಿದರೆ ಹೆಚ್ಚು. ಊರು ಮುಟ್ಟುವ ಮೊದಲೇ ಎಲ್ಲೋ ನಿಂತು ಚಾರ್ಜ್ ಮಾಡಲೇಬೇಕು. ಚಾರ್ಜರಿನ ಪ್ಲಗ್ ಹಾಕಲು ಗಾಡಿಯಲ್ಲಿ ಮನುಷ್ಯನೇ ಇಲ್ಲ!

ಕಡಕೊಳದಿಂದ ನಂಜನಗೂಡಿನ ತಾಂಡ್ಯದವರೆಗಿನ ಕೈಗಾರಿಕಾ ಪ್ರದೇಶಗಳಲ್ಲಿ ಲೆಕ್ಕವೇ ಬೇರೆ. ಹೋಗಿಬರುವ ದೂರ 50 ಕಿ.ಮೀ. ದಾಟದಿದ್ದರೆ ಎರಡು ಟ್ರಿಪ್ಪಿಗೆ 120 ಯೂನಿಟ್ ಸಾಕು. 150 ಕಿಲೋವ್ಯಾಟ್ ಚಾರ್ಜರ್ ಅಷ್ಟನ್ನು ಒಂದು ಗಂಟೆಯೊಳಗೆ ತುಂಬುತ್ತದೆ. ಲೋಡು-ಅನ್‌ಲೋಡಿಗೆ ಹೇಗೂ ಅಷ್ಟು ಹೊತ್ತು ಬೇಕು, ಪ್ಲಗ್ ಹಾಕಲು ಕಾರ್ಖಾನೆಯವರೂ ಇರುತ್ತಾರೆ.

ಕರೆಂಟಿಗಿಂತ ಕಠಿಣವಾದದ್ದು ಲಾರಿಯ ಕಣ್ಣು. ಲೇಸರ್ ಕಿರಣ ಬಿಟ್ಟು ದೂರ ಅಳೆಯುವ ಲೈಡಾರ್, ರೇಡಾರ್, ಕ್ಯಾಮೆರಾ ಮೂರೂ ಬೇಕು, ಏಕೆಂದರೆ ಮೂರೂ ಬೇರೆಬೇರೆ ಕಡೆ ಸೋಲುತ್ತವೆ. ಮಂಡ್ಯದ ಕಡೆ ಕಬ್ಬು ತುಂಬಿದ ಟ್ರ್ಯಾಕ್ಟರ್ ರಾತ್ರಿ ಮುಂದೆ ಹೋಗುತ್ತಿದೆ ಎಂದುಕೊಳ್ಳಿ. ಟ್ರೇಲರಿನ ಹಿಂದಕ್ಕೆ ಮೀಟರುಗಟ್ಟಲೆ ಜಲ್ಲೆ ಚಾಚಿರುತ್ತದೆ, ಟೈಲ್‌ಲೈಟ್ ಇದ್ದರೂ ಅದರಡಿ ಮುಚ್ಚಿಹೋಗಿರುತ್ತದೆ. ಲೈಡಾರಿನ ಎರಡು ಕಿರಣಗಳ ನಡುವೆ 0.2 ಡಿಗ್ರಿ ಅಂತರವಿದ್ದರೆ 100 ಮೀಟರ್ ದೂರದಲ್ಲಿ ಅದು 35 ಸೆಂ.ಮೀ. ಆಗುತ್ತದೆ. 3 ಸೆಂ.ಮೀ. ದಪ್ಪದ ಒಂಟಿ ಜಲ್ಲೆಯ ತುದಿ ಆ ಸಂದಿಯಲ್ಲಿ ಕಾಣದೇ ಹೋಗಬಹುದು. ರೇಡಾರಿಗೆ ಚೆನ್ನಾಗಿ ಕಾಣುವುದು ಲೋಹ. ಕಬ್ಬಿನ ತುದಿಗಿಂತ ಟ್ರೇಲರಿನ ಕಬ್ಬಿಣವನ್ನೇ ಅದು ಗುರುತಿಸುತ್ತದೆ, ಹಾಗಾಗಿ ಗಾಡಿಯ ಹಿಂತುದಿ ಇದ್ದದ್ದಕ್ಕಿಂತ ದೂರವೆಂದು ತೋರುತ್ತದೆ. ಪರಿಹಾರ ಸರಳ: ಮುಂದಿರುವುದು ಕಬ್ಬಿನ ಗಾಡಿ ಎಂದು ಕ್ಯಾಮೆರಾ ಗುರುತಿಸಿದ ಕೂಡಲೇ ಕಂಡ ತುದಿಗಿಂತ ಇನ್ನೂ ಮೂರು ಮೀಟರ್ ಹಿಂದಕ್ಕೆ ಗಡಿ ಹಾಕಿಕೊಳ್ಳುವಂತೆ ತಂತ್ರಾಂಶದಲ್ಲಿ ಬರೆಯಬೇಕು. ಆದರೆ ಕಬ್ಬಿನ ಗಾಡಿಯ ಸಾವಿರಾರು ಚಿತ್ರಗಳನ್ನು ಇಲ್ಲಿಯೇ ತೆಗೆದು ಕಲಿಸದ ಹೊರತು ಕ್ಯಾಮೆರಾಗೆ ಅದು ಗೊತ್ತಾಗುವುದಿಲ್ಲ. ಸ್ವೀಡನ್ನಿನ ರಸ್ತೆಯಲ್ಲಿ ಕಲಿತ ಯಂತ್ರಕ್ಕೆ ಜಲ್ಲೆ ಎಲ್ಲಿಂದ ಗೊತ್ತಾಗಬೇಕು?

ಸುಗ್ಗಿಯಲ್ಲಿ ಹಳ್ಳಿ ರಸ್ತೆಯ ಮೇಲೆ ಹರಡಿದ ಹುರುಳಿ, ರಾಗಿ ತೆನೆಯದು ಇದಕ್ಕೆ ವಿರುದ್ಧದ ತೊಂದರೆ. ನಮ್ಮ ಡ್ರೈವರುಗಳು ಅದರ ಮೇಲೆಯೇ ಹತ್ತಿಸಿಕೊಂಡು ಹೋಗುತ್ತಾರೆ. ಯಂತ್ರಕ್ಕೆ ಅದು ಒಂದಡಿ ಎತ್ತರದ ಅಡ್ಡಿ, ಹಾಗಾಗಿ ನಿಂತುಬಿಡುತ್ತದೆ. ಹುಲ್ಲಿನಡಿ ಕಲ್ಲಿದೆಯೋ ಮಲಗಿದ ನಾಯಿಯಿದೆಯೋ ತಿಳಿಯದಿರುವಾಗ ನಿಲ್ಲುವುದೇ ಸರಿ.

ಅಂಥ ಹೊತ್ತಿಗೆ ದೂರದ ಕಚೇರಿಯಲ್ಲಿ ಪರದೆಯ ಮುಂದೆ ಕೂತ ಆಪರೇಟರ್ ನೋಡಿ ದಾರಿ ಹೇಳುತ್ತಾರೆ. ಒಬ್ಬರೇ ಹಲವು ಲಾರಿಗಳನ್ನು ನೋಡಿಕೊಳ್ಳಬಹುದು ಎಂಬುದರ ಮೇಲೆಯೇ ಈ ಉದ್ಯಮದ ಲಾಭ ನಿಂತಿದೆ. ಆದರೆ ತುರ್ತು ಬ್ರೇಕನ್ನು ಅವರ ಕೈಗೆ ಎಂದೂ ಬಿಡುವಂತಿಲ್ಲ. ಮೊಬೈಲ್ ನೆಟ್‌ವರ್ಕು ಅರ್ಧ ಸೆಕೆಂಡು ತಡವಾದರೆ 40 ಕಿ.ಮೀ. ವೇಗದ ಲಾರಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕಿನ ತೀರ್ಮಾನ ಗಾಡಿಯೊಳಗಿನ ಕಂಪ್ಯೂಟರಿನದು. ಸಿಗ್ನಲ್ ಪೂರ್ತಿ ಹೋದರೆ ತಾನೇ ನಿಧಾನಿಸಿ, ಪಕ್ಕಕ್ಕೆ ಸರಿದು, ಇಂಡಿಕೇಟರ್ ಹಾಕಿ ನಿಲ್ಲಬೇಕು. ಆದ್ದರಿಂದ ದಾರಿ ಆರಿಸುವಾಗ ಸಿಗ್ನಲ್ ಬಲವನ್ನೂ ಪಕ್ಕಕ್ಕೆ ನಿಲ್ಲಲು ಇರುವ ಜಾಗವನ್ನೂ ಪ್ರತಿ ನೂರು ಮೀಟರಿಗೆ ಗುರುತು ಹಾಕಿಕೊಳ್ಳಬೇಕು.

1988ರ ಮೋಟಾರು ವಾಹನ ಕಾಯ್ದೆ ಲೈಸೆನ್ಸ್ ಇರುವ ಚಾಲಕನನ್ನು ನಂಬಿ ಬರೆದದ್ದು. ಹಾಗಾಗಿ ಇಲ್ಲಿನ ಮೊದಲ ಓಡಾಟ ಕಾರ್ಖಾನೆಯ ಕಾಂಪೌಂಡಿನೊಳಗೆ, ಗೋದಾಮಿನಿಂದ ಗೇಟಿನವರೆಗೆ. ಮಳೆಯಲ್ಲಿ, ಧೂಳಿನಲ್ಲಿ, ಸಂಜೆಯ ಎದುರು ಬಿಸಿಲಿನಲ್ಲಿ ಲಾರಿ ಎಲ್ಲೆಲ್ಲಿ ಸುಮ್ಮಸುಮ್ಮನೆ ನಿಂತಿತು ಎಂದು ಅಲ್ಲಿ ಬರೆದಿಟ್ಟ ಪಟ್ಟಿಯೇ ಗೇಟಿನಾಚೆಗೆ ಕೇಳುವ ಅನುಮತಿಗೆ ಆಧಾರ.