ಸೋತ ಪ್ರಧಾನಿ ಯಾರ ಮಾತು ಕೇಳಬೇಕು?

1984ರ ಜುಲೈ 14, ಶನಿವಾರ. ನ್ಯೂಜಿಲೆಂಡಿನ ಪ್ರಧಾನಿ ರಾಬರ್ಟ್ ಮಲ್ಡೂನ್ ಚುನಾವಣೆಯಲ್ಲಿ ಸೋತರು. ಹೊಸ ಸರ್ಕಾರ ನ್ಯೂಜಿಲೆಂಡ್ ಡಾಲರನ್ನು ಅಪಮೌಲ್ಯಗೊಳಿಸುತ್ತದೆ, ಅಂದರೆ ವಿದೇಶಿ ಹಣದೆದುರು ಅದರ ಬೆಲೆ ಇಳಿಸುತ್ತದೆ ಎಂದು ಎಣಿಸಿದವರು ಆಗಲೇ ತಮ್ಮ ಹಣವನ್ನು ದೇಶದಿಂದ ಹೊರಗೆ ಸಾಗಿಸತೊಡಗಿದ್ದರು. ಭಾನುವಾರ ಅಲ್ಲಿನ ರಿಸರ್ವ್ ಬ್ಯಾಂಕ್ ವಿದೇಶಿ ವಿನಿಮಯದ ವಹಿವಾಟನ್ನೇ ನಿಲ್ಲಿಸಿತು. ಈಗಲೇ ಅಪಮೌಲ್ಯ ಮಾಡಿ ಎಂದು ಗೆದ್ದ ಲೇಬರ್ ಪಕ್ಷದ ನಾಯಕ ಡೇವಿಡ್ ಲಾಂಗಿ ಕೇಳಿದರು. ಮಲ್ಡೂನ್ ಟಿ.ವಿ.ಯಲ್ಲಿ ಕುಳಿತು ಆಗದು ಎಂದುಬಿಟ್ಟರು.

ಲಾಂಗಿಯವರೇ ಅಧಿಕಾರ ವಹಿಸಿಕೊಂಡು ಮಾಡಬಹುದಿತ್ತಲ್ಲ? ಹಾಗೆ ಮಾಡಲು ಬರುತ್ತಿರಲಿಲ್ಲ. ಫಲಿತಾಂಶ ಅಧಿಕೃತವಾಗುವವರೆಗೆ ಗೆದ್ದವರು ಸಂಸದರಾಗುವುದಿಲ್ಲ, ಸಂಸದರಲ್ಲದವರು ಮಂತ್ರಿಯಾಗುವಂತಿಲ್ಲ ಎಂಬುದು ಆಗಿನ ಕಾನೂನು. ಅಷ್ಟು ದಿನ ದೇಶ ಸೋತವರ ಕೈಯಲ್ಲಿ. ಅವರು ಯಾರ ಮಾತು ಕೇಳಬೇಕೆಂದು ಯಾವ ಕಾಯ್ದೆಯೂ ಹೇಳಿರಲಿಲ್ಲ.

ಕೊನೆಗೆ ಮಲ್ಡೂನರಿಗೆ ತಡೆಯೊಡ್ಡಿದವರು ಅವರದೇ ಸಂಪುಟದವರು. ಉಪಪ್ರಧಾನಿ ಜಿಮ್ ಮೆಕ್ಲೇ ಒಂದು ಸೂತ್ರವನ್ನು ಮುಂದಿಟ್ಟರು: ಮುಂದೂಡಲಾಗದ ಮಹತ್ವದ ವಿಷಯದಲ್ಲಿ ಹೋಗುವ ಸರ್ಕಾರ ತನಗೆ ಒಪ್ಪಿಗೆಯಿಲ್ಲದಿದ್ದರೂ ಬರುವ ಸರ್ಕಾರದ ಸಲಹೆಯಂತೆ ನಡೆಯಬೇಕು. ಮಲ್ಡೂನ್ ಮಣಿದರು. ಬುಧವಾರ ಡಾಲರಿನ ಬೆಲೆಯನ್ನು ಶೇ. 20ರಷ್ಟು ಇಳಿಸಲಾಯಿತು. ಸೋತ ಪಕ್ಷದ ಒಳಜಗಳದಲ್ಲಿ ಹುಟ್ಟಿದ ಆ ಮಾತು ಇಂದು ಆ ದೇಶದ ಸಂವಿಧಾನದ ಭಾಗ, ಸಂವಿಧಾನ ಎಂಬ ಒಂದು ಗ್ರಂಥ ಅಲ್ಲಿ ಇಲ್ಲದಿದ್ದರೂ.

ಬ್ರಿಟನ್ ಮತ್ತು ಇಸ್ರೇಲ್‌ಗಳಂತೆ ನ್ಯೂಜಿಲೆಂಡಿನ ಸಂವಿಧಾನವೂ ಅಲ್ಲಲ್ಲಿ ಚದುರಿದೆ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಮುಖಂಡರು ಬ್ರಿಟಿಷರೊಂದಿಗೆ 1840ರಲ್ಲಿ ಮಾಡಿಕೊಂಡ ವೈತಂಗಿ ಒಪ್ಪಂದ, ಸಂಸತ್ತಿನ ಕೆಲವು ಕಾಯ್ದೆಗಳು, ನ್ಯಾಯಾಲಯದ ತೀರ್ಪುಗಳು, ಇವೆಲ್ಲಕ್ಕೂ ನಡುವೆ ಅಂಟಿನಂತಿರುವ ರೂಢಿಗಳು. ಇಂಗ್ಲೆಂಡಿನ ಹಳೆಯ ಕಾನೂನುಗಳೂ ಇವೆ, ಅವೇನೂ ಬರೀ ಅಲಂಕಾರಕ್ಕಲ್ಲ. 1975ರಲ್ಲಿ ಗೆದ್ದುಬಂದ ಇದೇ ಮಲ್ಡೂನ್, ಹಿಂದಿನ ಸರ್ಕಾರದ ಪಿಂಚಣಿ ಯೋಜನೆಗೆ ಇನ್ನು ವಂತಿಗೆ ಕಟ್ಟಬೇಕಿಲ್ಲ, ಕಾಯ್ದೆಯನ್ನು ಆಮೇಲೆ ರದ್ದುಮಾಡುತ್ತೇವೆ ಎಂದು ಪತ್ರಿಕಾ ಹೇಳಿಕೆ ಕೊಟ್ಟರು. ನೌಕರನೊಬ್ಬ ನ್ಯಾಯಾಲಯಕ್ಕೆ ಹೋದ. ಸಂಸತ್ತಿನ ಒಪ್ಪಿಗೆಯಿಲ್ಲದೆ ಕಾನೂನನ್ನು ಅಮಾನತಿನಲ್ಲಿಡಲು ಅರಸನಿಗೂ ಅಧಿಕಾರವಿಲ್ಲ ಎಂದು ಸಾರಿದ್ದ ಹದಿನೇಳನೆಯ ಶತಮಾನದ ಇಂಗ್ಲಿಷ್ ಹಕ್ಕುಗಳ ಮಸೂದೆಯನ್ನು ಎತ್ತಿಕೊಂಡು, 1976ರಲ್ಲಿ ಮುಖ್ಯ ನ್ಯಾಯಮೂರ್ತಿಗಳು ಪ್ರಧಾನಿಯ ಹೇಳಿಕೆ ಕಾನೂನುಬಾಹಿರವೆಂದರು. ಸಂಸತ್ತು ಆ ಕಾಯ್ದೆಯನ್ನು ಆನಂತರ ರದ್ದುಮಾಡಿತೆನ್ನಿ. ಆದರೆ ಹೇಳಿಕೆಯಿಂದ ಆಗದ ಕೆಲಸವನ್ನು ಮತ ಹಾಕಿಯೇ ಮಾಡಬೇಕಾಯಿತು.

ಆ ಮತಕ್ಕೆ ಅಲ್ಲಿ ವಿಪರೀತ ಬಲ. ಭಾರತದಲ್ಲಿ ಸಂವಿಧಾನಕ್ಕೆ ವಿರುದ್ಧವಾದ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಬಹುದು. ನ್ಯೂಜಿಲೆಂಡಿನ ನ್ಯಾಯಾಲಯಗಳಿಗೆ ಸಂಸತ್ತಿನ ಕಾಯ್ದೆಯನ್ನು ಹಾಗೆ ಬಿಸಾಡುವ ಅಧಿಕಾರವಿಲ್ಲ. ಮೇಲ್ಮನೆಯ ಕಾಟವೂ ಇಲ್ಲ: 1950ರಲ್ಲಿ ಪ್ರಧಾನಿ ಸಿಡ್ನಿ ಹಾಲೆಂಡ್, ಮೇಲ್ಮನೆಯನ್ನು ಮುಚ್ಚಲು ಮತ ಹಾಕುತ್ತೇವೆಂದು ಒಪ್ಪಿದವರನ್ನೇ ಅದಕ್ಕೆ ನೇಮಿಸಿದರು. ಜನ ಅವರನ್ನು ಆತ್ಮಹತ್ಯಾ ದಳ ಎಂದು ಕರೆದರು.

1984ರ ಪೇಚಾಟದ ನಂತರ 1986ರಲ್ಲಿ ಸಂವಿಧಾನ ಕಾಯ್ದೆ ಎಂಬ ಪುಟ್ಟ ಶಾಸನ ಬಂತು. ಫಲಿತಾಂಶ ಅಧಿಕೃತವಾಗುವ ಮೊದಲೇ ಅಭ್ಯರ್ಥಿಯನ್ನು ಮಂತ್ರಿಯಾಗಿ ನೇಮಿಸಲು ಅದು ದಾರಿ ಮಾಡಿತು. ಮೆಕ್ಲೇ ಹೇಳಿದ ಸೂತ್ರ ಮಾತ್ರ ಇಂದಿಗೂ ಕಾನೂನಲ್ಲ, ರೂಢಿಯೇ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಚುನಾವಣಾ ಕಾಯ್ದೆಯ ಬೀಗ. ಮತದಾನದ ವಯಸ್ಸು, ಸಂಸತ್ತಿನ ಮೂರು ವರ್ಷದ ಅವಧಿ, ಗುಪ್ತ ಮತದಾನ ಮುಂತಾದವನ್ನು ಬದಲಿಸಲು ಶೇ. 75ರಷ್ಟು ಸದಸ್ಯರ ಒಪ್ಪಿಗೆ ಅಥವಾ ಜನಮತಗಣನೆ ಬೇಕು. ಆದರೆ ಹೀಗೆಂದು ಹೇಳುವ ಸೆಕ್ಷನ್ನಿಗೇ ಆ ರಕ್ಷಣೆ ಇಲ್ಲ! ಅದನ್ನು ಸರಳ ಬಹುಮತದಿಂದ ಕಿತ್ತುಹಾಕಬಹುದು. 1956ರಲ್ಲಿ ಮೊದಲು ಹಾಕಿದ ಬೀಗವಿದು, ಕೀಲಿಕೈ ಪಕ್ಕದ ಮೊಳೆಯಲ್ಲೇ ತೂಗುತ್ತಿದೆ. ಯಾವ ಸರ್ಕಾರವೂ ಅದಕ್ಕೆ ಕೈಹಾಕಿಲ್ಲ.

ಬೀಗ ಹೆಚ್ಚಿಸಲು ಹೋದವರೂ ಪೆಟ್ಟು ತಿಂದರು. 2022ರ ಕೊನೆಯಲ್ಲಿ ಆಳುವ ಲೇಬರ್ ಪಕ್ಷ ಗ್ರೀನ್ ಪಕ್ಷದೊಂದಿಗೆ ಸೇರಿ, ನೀರು ಪೂರೈಕೆ ಖಾಸಗಿಯವರ ಪಾಲಾಗದಂತೆ ತಡೆಯುವ ಕಲಮನ್ನು ಶೇ. 60ರ ಬಹುಮತವಿಲ್ಲದೆ ಬದಲಿಸಬಾರದೆಂಬ ತಿದ್ದುಪಡಿ ತಂದಿತು. ಉದ್ದೇಶ ಒಳ್ಳೆಯದೇ ಇದ್ದೀತು. ಚುನಾವಣೆಯ ಮೂಲ ನಿಯಮಗಳಿಗಷ್ಟೇ ಮೀಸಲಾದ ಬೀಗವನ್ನು ತಮಗೆ ಬೇಕಾದ ನೀತಿಗೆ ಹಾಕುವುದೇ ಎಂದು ಕಾನೂನು ಪಂಡಿತರು ಹೌಹಾರಿದರು. ಯಾವ ನ್ಯಾಯಾಲಯವೂ ಮಧ್ಯೆ ಬರಲಿಲ್ಲ. ಎರಡೇ ವಾರಗಳಲ್ಲಿ ಸರ್ಕಾರ ತಪ್ಪಾಯಿತೆಂದು ಒಪ್ಪಿ, ತಾನೇ ಹಾಕಿದ ಬೀಗವನ್ನು ತಾನೇ ತೆಗೆಯಿತು.