ಮೂಳೆಯೊಳಗಿನ ರಾಡಿಗೂ ಕೊಳೆ ಔಷಧಿ

ಶಿರಸಿ ಸೀಮೆಯಲ್ಲಿ ಮಳೆ ಹಿಡಿಯುವ ಮೊದಲೇ ಅಡಕೆ ಕೊನೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಬೀಳಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕೊಳೆ ಕಾಯೊಳಗೆ ಇಳಿದ ಮೇಲೆ ಎಷ್ಟು ಹೊಡೆದರೂ ಆ ಕಾಯಿ ಉಳಿಯದು. ಔಷಧಿ ಹೊಡೆಯಲು ಹತ್ತಿದ ಕೊನೆಗೌಡ ಜಾರಿ ಬಿದ್ದು, ಕಾಲಿನ ಮೂಳೆ ಚರ್ಮ ಸೀಳಿ ಮಣ್ಣು ಮುಟ್ಟಿತೆನ್ನಿ. ಆಗ ಒಳಗೆ ಕೂರಿಸುವ ಟೈಟಾನಿಯಂ ರಾಡಿನ ಲೆಕ್ಕವೂ ಇದೇ: ಸೋಂಕು ಕೂರುವ ಮೊದಲೇ ಮದ್ದು ಬೀಳಬೇಕು.

ಲೋಹವಿದ್ದಲ್ಲಿ ಸೋಂಕು ಯಾಕೆ ಬೇಗ? 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಸಂಶೋಧಕರು ಸ್ವಯಂಸೇವಕರ ಚರ್ಮದಲ್ಲೇ ಇದನ್ನು ನೋಡಿದರು. ಬರೀ ಚರ್ಮದಲ್ಲಿ ಕೀವಾಗಲು ಲಕ್ಷಗಟ್ಟಲೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೇಕಾಯಿತು. ಒಂದು ರೇಷ್ಮೆ ಹೊಲಿಗೆ ಇದ್ದರೆ ನೂರರಷ್ಟು ಸಾಕಾಯಿತು. ಹೊಲಿಗೆಗಾಗಲಿ ರಾಡಿಗಾಗಲಿ ರಕ್ತಸಂಚಾರವಿಲ್ಲ. ಅಂಟಿದ ಬ್ಯಾಕ್ಟೀರಿಯಾ ತನ್ನ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ, ಬಾವಿಕಟ್ಟೆಯ ಪಾಚಿಯ ಹಾಗೆ. ಆಮೇಲೆ ಮಾಮೂಲಿ ಪ್ರಮಾಣದ ಆ್ಯಂಟಿಬಯಾಟಿಕ್ ಅದಕ್ಕೆ ನಾಟುವುದಿಲ್ಲ. ಎಷ್ಟೋ ಸಲ ರಾಡನ್ನೇ ತೆಗೆಯಬೇಕಾಗುತ್ತದೆ.

ಹಾಗಾದರೆ ಮದ್ದನ್ನು ಮೊದಲೇ ಅಲ್ಲಿಟ್ಟರೆ? 1970ರಲ್ಲಿ ಹ್ಯಾಂಬರ್ಗಿನ ಶಸ್ತ್ರವೈದ್ಯ ಬುಕ್‌ಹೋಲ್ಟ್ಸ್ ಕೃತಕ ಕೀಲು ಕೂರಿಸುವ ಸಿಮೆಂಟಿಗೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿದ ವಿಚಾರ ಪ್ರಕಟಿಸಿದರು. ಸಿಮೆಂಟು ಗಟ್ಟಿಯಾಗುವಾಗ ಕಾಯುತ್ತದೆ. ಆ ಬಿಸಿಗೂ ಕೆಡದ ಪುಡಿ ಅದು. 40 ಗ್ರಾಂ ಪೊಟ್ಟಣಕ್ಕೆ ಅರ್ಧದಿಂದ 1 ಗ್ರಾಂ. ಕೈ ಜಾಸ್ತಿಯಾದರೆ ಸಿಮೆಂಟೇ ಬಿರಿಯುತ್ತದೆ. ರಾಡಿಗೆ ಸಿಮೆಂಟಿಲ್ಲ, ಹಾಗಾಗಿ 2005ರಲ್ಲಿ ಯುರೋಪಿನಲ್ಲಿ ಪಾಲಿಲ್ಯಾಕ್ಟೈಡ್ ಎಂಬ ಕರಗುವ ಪ್ಲಾಸ್ಟಿಕ್ಕಿನ ಪೊರೆಯಲ್ಲಿ ಜೆಂಟಾಮೈಸಿನ್ ಹಚ್ಚಿದ ರಾಡಿಗೆ ಒಪ್ಪಿಗೆ ಸಿಕ್ಕಿತು. ಅದರ ಮದ್ದಿನ ಬಹುಪಾಲು ಮೊದಲ ಎರಡು ದಿನದಲ್ಲೇ ಬಿಡುಗಡೆ. ಕಡಿಮೆಯಾಯಿತೆನ್ನಿಸಬಹುದು, ಆದರೆ ತಿಂಗಳುಗಟ್ಟಲೆ ತೊಟ್ಟಿಕ್ಕುವ ಅರೆಬರೆ ಡೋಸು ಮದ್ದಿಗೆ ಬಗ್ಗದ ತಳಿಯನ್ನೇ ಸಾಕುತ್ತದೆ.

ಬೆಳ್ಳಿಯ ಕಥೆ ಬೇರೆ. ಸಿಲ್ಜೋನ್ ಎಂಬ ಹೃದಯ ಕವಾಟದ ಹೊಲಿಗೆಪಟ್ಟಿಗೆ ಬ್ಯಾಕ್ಟೀರಿಯಾ ಕೊಲ್ಲಲೆಂದು ಬೆಳ್ಳಿ ಲೇಪಿಸಿದ್ದರು. ಕೆಲವರಲ್ಲಿ ಕವಾಟದ ಅಂಚಿನಿಂದ ರಕ್ತ ಸೋರಿತು. 2000ದ ಜನವರಿಯಲ್ಲಿ ಕವಾಟ ವಾಪಸ್. ಬ್ಯಾಕ್ಟೀರಿಯಾ ಕೊಲ್ಲುವುದು ಬೆಸೆಯಬೇಕಾದ ಜೀವಕೋಶವನ್ನೂ ಸುಡಬಹುದು.

ಗಟ್ಟಿ ಪುರಾವೆ ಸಿಕ್ಕಿದ್ದು ಪೇಸ್‌ಮೇಕರ್ ಕಡೆಯಿಂದ. 2019ರಲ್ಲಿ ಪ್ರಕಟವಾದ ಸುಮಾರು 7000 ಜನರ ಪ್ರಯೋಗದಲ್ಲಿ, ಮದ್ದು ತುಂಬಿದ ಕರಗುವ ಚೀಲದಲ್ಲಿಟ್ಟ ಸಾಧನಗಳ ದೊಡ್ಡ ಸೋಂಕು 1.2ರಿಂದ ಶೇಕಡಾ 0.7ಕ್ಕೆ ಇಳಿಯಿತು.

ಲೇಪ ಮಣ್ಣು ತೊಳೆಯುವುದಿಲ್ಲ. ಮೂಳೆ ಹೊರಬಂದ ಗಾಯಕ್ಕೆ ಸಾಧ್ಯವಾದರೆ ತಾಸಿನೊಳಗೆ ಮೊದಲ ಆ್ಯಂಟಿಬಯಾಟಿಕ್ ಬೀಳಬೇಕು, ಶಿರಸಿಯಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೋ ಸುಮಾರು 100 ಕಿಲೋಮೀಟರ್. ಆದ್ದರಿಂದ ಗಾಯಕ್ಕೆ ಅರಿಶಿನ, ಸೊಪ್ಪು ಮೆತ್ತದೆ ಚೊಕ್ಕ ಬಟ್ಟೆ ಮುಚ್ಚಿ, ಆಂಬುಲೆನ್ಸ್ ಹತ್ತಿಸುವ ಮೊದಲೇ ಊರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡಿಸಿ. ಕೊಟ್ಟ ಹೊತ್ತು ಚೀಟಿಯಲ್ಲಿರಲಿ. ಮುಂದಿನ ಡೋಸು ಲೆಕ್ಕ ಹಾಕುವುದು ಅದರಿಂದಲೇ.